ಮಣ್ಣು ಮುಚ್ಚಬಾರದ ಬೀಜ

ವಾರ್ಡಿನೊಳಗೆ ಮಣ್ಣು ಬರಕೂಡದು. ಇದು ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು, ಕಿರಿಯರಿಗೆ ಕಲಿಸಿದ ಪಾಠಗಳಲ್ಲೂ ಒಂದು. ರೋಗಿಗೆಂದು ಹೂವು ತಂದವರಿಂದ ಅದನ್ನು ಹೊರಗಿನ ಮೇಜಿನ ಮೇಲೆ ಇಡಿಸುತ್ತಿದ್ದೆ. ಕುಂಡ ತಂದವರನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದೆ. ತುಳಸಿಯನ್ನೂ ಬಿಡಲಿಲ್ಲವೆಂದು ಒಬ್ಬ ಅಜ್ಜಿ ನನಗೆ ಶಾಪ ಹಾಕಿದ್ದುಂಟು. ಮೂಳೆ ಮುರಿದು ಮಲಗಿದವರ ಗಾಯಕ್ಕೆ ಮಣ್ಣಿನಿಂದ ಏನೇನು ಹತ್ತಬಹುದು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆ ನಿಯಮ ತಪ್ಪೆಂದು ಇವತ್ತಿಗೂ ಹೇಳುವುದಿಲ್ಲ. ಅದನ್ನು ಒಂದೇ ಒಂದು ಸಲ ನಾನೇ ಮುರಿದೆ. ಆ ಚಳಿಗಾಲದ ವಿಷಯವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ಮದರಾಸಿನ ಅಡ್ಯಾರಿನ ಒಂದು ಆಸ್ಪತ್ರೆಯಲ್ಲಿ ಹೆಂಗಸರ ಮೂಳೆ ವಾರ್ಡು ನನ್ನ ಸುಪರ್ದಿನಲ್ಲಿತ್ತು. ಅಕ್ಟೋಬರ್ ನಡುವಿನಲ್ಲಿ, ಮಳೆ ಇನ್ನೇನು ಹಿಡಿಯಬೇಕು ಎನ್ನುವಾಗ, ಹದಿನಾಲ್ಕನೇ ಹಾಸಿಗೆಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ ತಮ್ಮನ ಮನೆಗೆಂದು ಬಂದವರು ಬಸ್ಸಿನಿಂದ ಇಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದರು. ಎದೆಯ ತೊಂದರೆ ಇದ್ದುದರಿಂದ ಆಪರೇಷನ್ ಬೇಡವೆಂದು ತೀರ್ಮಾನವಾಯಿತು. ಉಳಿದದ್ದು ಟ್ರಾಕ್ಷನ್. ಮೊಣಕಾಲಿನ ಕೆಳಗೆ ಮೂಳೆಯ ಮೂಲಕ ಒಂದು ಉಕ್ಕಿನ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ ಕಬ್ಬಿಣದ ತೂಕ ಇಳಿಬಿಡುತ್ತಾರೆ. ಹನ್ನೆರಡು ವಾರ ಅಂಗಾತ ಮಲಗಿರಬೇಕು. ಆಡಿಸಲು ಸಾಧ್ಯವಾಗುವುದು ಎರಡು ಕೈ ಮಾತ್ರ.

ಹೊಸ ರೋಗಿ ಬಂದರೆ ಅವರ ಮೈಮೇಲಿನ ವಸ್ತುಗಳನ್ನು ಪಟ್ಟಿ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕುವುದು ನನ್ನ ಕೆಲಸ. ಓಲೆ ಒಂದು ಜೊತೆ, ಕನ್ನಡಕ ಒಂದು, ಕೈಚೀಲ ಒಂದು. ಚೀಲದೊಳಗೆ ರೈಲ್ವೆಯ ಹಳೆಯ ಫಾರಂ ಮಡಚಿ ಮಾಡಿದ ಒಂದು ಪೊಟ್ಟಣ. ಇದೇನೆಂದು ತಮಿಳಿನಲ್ಲಿ ಕೇಳಿದೆ. ಅವರು ಪಿಳಿಪಿಳಿ ನೋಡಿ ಕನ್ನಡದಲ್ಲಿ ಹೇಳಿದರು.

"ಬೀಜ ಕಣಮ್ಮ. ಸಾಲ್ವಿಯಾ ಹೂವಿನ ಬೀಜ. ಅದನ್ನ ಮಾತ್ರ ಆ ಬೀರುವೊಳಗೆ ಹಾಕಬೇಡಿ, ಸೆಕೆಗೆ ಸತ್ತೋಗ್ತವೆ."

"ಯಾವೂರು ನಿಮ್ಮದು?"

"ಅರಸೀಕೆರೆ ಕಡೆ. ಅಯ್ಯೋ, ಕನ್ನಡದೋರಾ ನೀವು! ಇಷ್ಟೊತ್ತೂ ತಮಿಳಲ್ಲಿ ಬೈತಿದ್ರಲ್ಲ!"

"ಬೈತಿರಲಿಲ್ಲ. ನನ್ನ ಮಾತೇ ಹಾಗೆ."

"ಹಂಗಾದ್ರೆ ಕನ್ನಡದಲ್ಲೇ ಬೈರಿ. ಅರ್ಥನಾದ್ರೂ ಆಗ್ಲಿ."

ನಾನು ತುಮಕೂರಿನ ಕಡೆಯವಳು. ಹತ್ತೊಂಬತ್ತನೇ ವಯಸ್ಸಿಗೆ ನರ್ಸಿಂಗ್ ಶಾಲೆಗೆಂದು ಮದರಾಸಿಗೆ ಬಂದವಳು ಇಲ್ಲಿಯೇ ಉಳಿದೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅದರಲ್ಲಿ ತಪ್ಪೇನಿಲ್ಲ, ಅನ್ನ ಬೇಕೋ ಬೇಡವೋ ಎಂಬುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಆದರೂ ಅವತ್ತು ಸಂಜೆ ಡ್ಯೂಟಿ ಮುಗಿದ ಮೇಲೆ ನಾನು ಹದಿನಾಲ್ಕನೇ ಹಾಸಿಗೆಯ ಬಳಿ ಇನ್ನೊಮ್ಮೆ ಹೋದೆ. ಟ್ರಾಕ್ಷನ್ನಿನ ಹಗ್ಗ ಸರಿಯಾಗಿದೆಯೇ ನೋಡಲು ಎಂದುಕೊಂಡೆ. ಹಗ್ಗ ಸರಿಯಾಗಿಯೇ ಇತ್ತು.

ಪೊಟ್ಟಣದ ಕಥೆ ಅವತ್ತು ತಿಳಿಯಿತು. ಅವರ ಯಜಮಾನರು ಮೀಟರ್ ಗೇಜ್ ಹಾದಿಯ ಒಂದು ಸಣ್ಣ ಸ್ಟೇಷನ್ನಿಗೆ ಮಾಸ್ಟರ್. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಸಾಲ್ವಿಯಾ ಹಾಕುತ್ತಿದ್ದರಂತೆ. ಈಗ ಬರುವ ಗಿಡ್ಡ ಜಾತಿಯಲ್ಲ, ಹೆಂಗಸರ ಸೊಂಟದ ಎತ್ತರಕ್ಕೆ ಬರುವ ಹಳೆಯ ಜಾತಿ. ಪ್ರತಿ ವರ್ಷ ಅದೇ ಸಾಲಿನಿಂದ ಬೀಜ ತೆಗೆದು ಅದೇ ಸಾಲಿಗೆ ಹಾಕುವುದು. ಹಳಿ ಬ್ರಾಡ್ ಗೇಜ್ ಆದಾಗ ಆ ಸ್ಟೇಷನ್ ಮುಚ್ಚಿತು. ಕೊನೆಯ ಚಳಿಗಾಲದ ಬೀಜವನ್ನು ಅವರು ಪೊಟ್ಟಣ ಕಟ್ಟಿ ಇಟ್ಟರು. ಮುಂದಿನ ಚಳಿಗಾಲ ಬರುವ ಮೊದಲೇ ತೀರಿಕೊಂಡರು.

"ಸಾಲ್ವಿಯಾ ಬೀಜಕ್ಕೆ ಆಯಸ್ಸು ಕಮ್ಮಿ ಸಿಸ್ಟರಮ್ಮ. ಹೋದ ವರ್ಷ ನನಗೆ ಕೈ ಬರಲಿಲ್ಲ, ಹಾಕಲಿಲ್ಲ. ಈ ಚಳಿಗಾಲ ದಾಟಿದ್ರೆ ಅವು ಬರೀ ಹೊಟ್ಟು. ತಮ್ಮನ ಮನೇಲಿ ಹಾಕೋಣ ಅಂತ ತಂದೆ. ಈಗ ನೋಡಿ, ನನ್ನನ್ನೇ ತೂಗುಹಾಕಿದ್ದೀರ."

"ನಾನು ಹಾಕುತ್ತೇನೆ," ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದರು. "ನೀವು ಮಲಗಿ. ಅದು ನಮ್ಮ ಕೆಲಸ," ಎಂದು ಹೊದಿಕೆ ಸರಿಮಾಡಿ ಬಂದೆ. ಮೂವತ್ತೆಂಟು ವರ್ಷಗಳಿಂದ ರೋಗಿಗಳಿಗೆ ಹೇಳುತ್ತ ಬಂದಿದ್ದ ಮಾತು ಅದು.

ಪೊಟ್ಟಣದಲ್ಲಿ ಎಂಬತ್ತಕ್ಕೆ ಕಡಿಮೆ ಬೀಜವಿದ್ದವು. ಕಂದು ಬಣ್ಣ, ಸಾಸಿವೆಗಿಂತ ಸ್ವಲ್ಪ ದೊಡ್ಡವು, ಉದ್ದನೆಯವು. ಅರ್ಧದಷ್ಟನ್ನು ತೆಗೆದುಕೊಂಡೆ. ಆಸ್ಪತ್ರೆಯ ತೋಟಗಾರನ ಬಳಿ ಕೆಂಪುಮಣ್ಣು, ಎಲೆಗೊಬ್ಬರ, ಮರಳು ಕೇಳಿದೆ. ಅವನು ಕ್ರೋಟನ್ ಗಿಡಗಳನ್ನು ಬಿಟ್ಟರೆ ಬೇರೇನನ್ನೂ ನಂಬದ ಮನುಷ್ಯ.

"ಅದೆಲ್ಲಾಂ ಊಟಿ ಪೂ, ಸಿಸ್ಟರ್. ಇಂಗೆ ವರಾದು," ಎಂದ. ಅದು ಊಟಿಯ ಹೂವು, ಇಲ್ಲಿ ಬರುವುದಿಲ್ಲ ಎಂದು.

"ಬರುತ್ತೆ. ಮಣ್ಣು ಕೊಡಪ್ಪ."

ಮಣ್ಣನ್ನು ಮೂರು ಸಲ ಜರಡಿ ಹಿಡಿದೆ. ಕೆಲಸದಿಂದ ತೆಗೆದುಹಾಕಿದ್ದ ಹಳೆಯ ಸ್ಟೆರಿಲೈಸರಿನಲ್ಲಿ ಹಾಕಿ ಅರ್ಧ ಗಂಟೆ ಆವಿ ಕೊಟ್ಟೆ. ಹಳೆಯ ಎನಾಮಲ್ ಟ್ರೇ ಒಂದರ ತಳಕ್ಕೆ ಬಡಗಿಯಿಂದ ತೂತು ಕೊರೆಸಿದೆ. ಬೀಜವನ್ನು ಸಾಲಾಗಿಟ್ಟು, ಮೇಲೆ ಬೆರಳಿನ ಅರ್ಧ ಗೆಣ್ಣಿನಷ್ಟು ಮಣ್ಣು ಮುಚ್ಚಿ, ಒದ್ದೆ ಟವೆಲು ಹೊದಿಸಿ, ಬಟ್ಟೆ ಇಡುವ ಕೋಣೆಯ ಬೆಚ್ಚನೆಯ ಕಪಾಟಿನಲ್ಲಿ ಇಟ್ಟೆ. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ನೀರು. ಕಪಾಟಿನ ಬಾಗಿಲಿನ ಒಳಗಡೆ ಒಂದು ಚಾರ್ಟು ಅಂಟಿಸಿದೆ. ಯಾರು ನೀರು ಹಾಕಿದರೋ ಅವರು ಸಹಿ ಮಾಡಬೇಕು.

ವಾರ್ಡಿನ ಆಯಾ ಚಾರ್ಟನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಟೆಂಪರೇಚರ್ ಪಾಕ್ಕಲಿಯಾ ಸಿಸ್ಟರ್?" ಎಂದು ಕೇಳಿದಳು. ಜ್ವರ ನೋಡುವುದಿಲ್ಲವೇ ಎಂದು.

ಹದಿನಾಲ್ಕನೇ ಹಾಸಿಗೆಯವರು ಎರಡು ಸಲ ಕೇಳಿದರು. "ಮಣ್ಣು ಮುಚ್ಚಿದ್ರಾ ಸಿಸ್ಟರಮ್ಮ?" ಎಂದು ಮೊದಲ ದಿನ. "ಮುಚ್ಚದೆ ಇರುತ್ತೇನೆಯೇ? ಚೆನ್ನಾಗಿ ಮುಚ್ಚಿದ್ದೇನೆ," ಎಂದೆ. "ಎಲ್ಲಿಟ್ಟಿದ್ದೀರ?" ಎಂದು ಮೂರನೇ ದಿನ. "ಸುರಕ್ಷಿತವಾಗಿದೆ," ಎಂದೆ.

ಹತ್ತು ದಿನ ಕಳೆಯಿತು, ಹದಿನೈದು ದಿನ ಕಳೆಯಿತು. ಚಾರ್ಟಿನಲ್ಲಿ ಒಂದು ಸಹಿಯೂ ತಪ್ಪಿರಲಿಲ್ಲ. ಹದಿನೆಂಟನೇ ದಿನ ಚಿಮುಟದಿಂದ ಮಣ್ಣು ಕೆದಕಿ ನೋಡಿದೆ. ಬೀಜಗಳು ಒತ್ತಿದರೆ ಅಂಬಲಿಯಂತೆ ಒಡೆಯುತ್ತಿದ್ದವು. ಒಂದೂ ಬದುಕಿರಲಿಲ್ಲ.

ಅವರಿಗೆ ಹೇಳಲೇಬೇಕಿತ್ತು, ಹೇಳಿದೆ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ನಿಂತು ಹೇಳಬಾರದು, ಕೂತು ಹೇಳಬೇಕು ಎಂದು ನಮಗೆ ಕಲಿಸಿದ್ದರು. ಸ್ಟೂಲ್ ಎಳೆದುಕೊಂಡು ಕೂತೆ. ಅವರು ಮೇಲಿನ ಫ್ಯಾನನ್ನು ನೋಡುತ್ತ ಕೇಳಿಸಿಕೊಂಡರು.

"ಹೋಗ್ಲಿ ಬಿಡಿ. ಇನ್ನೂ ಇದಾವಲ್ಲ," ಎಂದರು. ಅವತ್ತು ರಾತ್ರಿಯ ಊಟದ ತಟ್ಟೆ ಹಾಗೆಯೇ ವಾಪಸು ಬಂತೆಂದು ಮರುದಿನ ಆಯಾ ಹೇಳಿದಳು.

ನನ್ನ ಬುದ್ಧಿಗೆ ಹೊಳೆದದ್ದು ಒಂದೇ. ವಾರದ ರಜೆಯ ದಿನ ನರ್ಸರಿಗೆ ಹೋಗಿ ಹೂಬಿಟ್ಟ ಸಾಲ್ವಿಯಾ ಕುಂಡವೊಂದನ್ನು ಕೊಂಡು ತಂದು, ಕಿಟಕಿಯ ಹೊರಗೆ ಅವರಿಗೆ ಕಾಣುವ ಹಾಗೆ ಇಡಿಸಿದೆ. ಗೇಣುದ್ದದ ಗಿಡ, ಮೇಲೆ ಕುಂಕುಮದ ಬಣ್ಣದ ಗೊಂಚಲು. ಅವರು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ," ಎಂದರು. ಆಮೇಲೆ, "ನಿಮ್ಮ ಮಗಳು ಊರಿಗೆ ಹೋದಾಗ ಪಕ್ಕದ ಮನೆ ಹುಡುಗೀನ ತಂದು ಕೂರಿಸಿದ ಹಂಗಾಯ್ತು," ಎಂದು ನಕ್ಕರು. ನಗು ಮುಗಿದ ಮೇಲೆ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಟ್ರಾಕ್ಷನ್ನಿನಲ್ಲಿ ಇರುವವರು ತಿರುಗಿಸಬಹುದಾದದ್ದು ಮುಖ ಒಂದನ್ನೇ.

ನವೆಂಬರ್ ನಡುವಿನ ಹೊತ್ತಿಗೆ ಮಳೆ ಜಡಿ ಹಿಡಿದಿತ್ತು. ಎರಡನೇ ಸಲ ಇಪ್ಪತ್ತೈದು ಬೀಜ ಹಾಕಿದೆ. ಕತ್ತಲಿನಿಂದ ಕೆಟ್ಟಿರಬಹುದು ಎಂದು ಈ ಬಾರಿ ಟ್ರೇಯನ್ನು ಹಿಂದಿನ ವರಾಂಡದಲ್ಲಿ ಇಟ್ಟೆ. ಮಣ್ಣನ್ನೂ ತೆಳುವಾಗಿ ಉದುರಿಸಿದೆ. ಒಂಬತ್ತನೇ ದಿನ ಮೊಳಕೆ ಬಂತು. ಹನ್ನೊಂದು ಸಸಿಗಳು, ಒಂದೊಂದಕ್ಕೂ ಬಟಾಣಿಯ ಹೋಳಿನಂಥ ಎರಡೆರಡು ಎಲೆ. ನಾನು ವಾರ್ಡಿನಲ್ಲಿ ಓಡುವವಳಲ್ಲ, ಬೆಂಕಿ ಬಿದ್ದರೂ ಓಡಬಾರದು ಎಂದು ಕಿರಿಯರಿಗೆ ಹೇಳುತ್ತಿದ್ದವಳು. ಅವತ್ತು ಹದಿನಾಲ್ಕನೇ ಹಾಸಿಗೆಯವರೆಗೆ ಹೆಚ್ಚುಕಡಿಮೆ ಓಡಿದೆ.

ಸಸಿಗೆ ನೀರು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅದಕ್ಕೆ ನನಗೆ ಗೊತ್ತಿದ್ದ ಉಪಾಯ ಮಾಡಿದೆ. ಖಾಲಿ ಬಾಟಲಿಯೊಂದನ್ನು ತೊಳೆದು ನೀರು ತುಂಬಿಸಿ, ಸ್ಟ್ಯಾಂಡಿಗೆ ನೇತುಹಾಕಿ, ಡ್ರಿಪ್ ಸೆಟ್ಟಿನ ಕೊಳವೆಯನ್ನು ಟ್ರೇಗೆ ಬಿಟ್ಟೆ. ಕೈಗಡಿಯಾರ ನೋಡಿಕೊಂಡು ನಿಮಿಷಕ್ಕೆ ಎಂಟು ಹನಿ ಎಂದು ಚಕ್ರ ತಿರುಗಿಸಿ ನಿಲ್ಲಿಸಿದೆ.

ಆಯಾ ಊರೆಲ್ಲ ಸಾರಿದಳು. "ಸಿಸ್ಟರ್ ಚೆಡಿಕ್ಕು ಗ್ಲೂಕೋಸ್ ಏತ್ತಿಟ್ಟಾಂಗ!" ಗಿಡಕ್ಕೆ ಗ್ಲೂಕೋಸ್ ಏರಿಸಿದ್ದಾರೆ ಎಂಬ ಸುದ್ದಿ ಗಂಡಸರ ವಾರ್ಡಿಗೂ ಮುಟ್ಟಿತು. ತೋಟಗಾರ ಬಂದು ನೋಡಿ, ತಲೆ ಅಲ್ಲಾಡಿಸಿ ಹೋದ.

ನಾಲ್ಕನೇ ದಿನ ಬೆಳಗ್ಗೆ ಎರಡು ಸಸಿ ಮಲಗಿದ್ದವು. ಬುಡದಲ್ಲಿ, ಮಣ್ಣಿಗೆ ತಾಗುವ ಜಾಗದಲ್ಲಿ, ಕಾಂಡ ದಾರದಷ್ಟು ಸಣ್ಣಗಾಗಿ ಕಪ್ಪಾಗಿತ್ತು. ಸೋಂಕು ಎಂದು ತಿಳಿಯಿತು. ಅವೆರಡನ್ನೂ ಕಿತ್ತು ದೂರ ಹಾಕಿದೆ. ಸಂಜೆಗೆ ಇನ್ನೂ ಐದು ಮಲಗಿದವು. ಹೊರಗೆ ಮಳೆ, ಗಾಳಿಯಲ್ಲಿ ತೇವ, ಮೇಲಿನಿಂದ ನನ್ನ ಡ್ರಿಪ್ಪು. ಮಣ್ಣು ಗಂಜಿಯಾಗಿತ್ತು. ಅದನ್ನು ಮುಟ್ಟಿ ನೋಡಬೇಕೆಂದು ನನಗೆ ತೋಚಿರಲಿಲ್ಲ. ಎಂಟು ಹನಿ ಎಂದರೆ ಎಂಟು ಹನಿ. ಆರನೇ ದಿನ ಟ್ರೇಯಲ್ಲಿ ಏನೂ ಇರಲಿಲ್ಲ.

ಈ ಸಲವೂ ಸ್ಟೂಲ್ ಎಳೆದುಕೊಂಡು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಎಷ್ಟು ಉಳಿದಾವೆ ಪೊಟ್ಟಣದಲ್ಲಿ?"

"ಹದಿನಾರು."

"ಒಂದು ಮಾತು ಹೇಳ್ಲಾ? ಸಿಟ್ಟು ಮಾಡ್ಕೊಬಾರದು."

"ಹೇಳಿ."

"ನಮ್ಮೆಜಮಾನ್ರು ರೈಲಿಗೆ ಗಡಿಯಾರ ನೋಡೋರು. ಗಿಡಕ್ಕೆ ನೋಡ್ತಿರಲಿಲ್ಲ."

ನಾನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ಆ ಬೀಜಕ್ಕೆ ಮಣ್ಣು ಮುಚ್ಚಬಾರದು ಸಿಸ್ಟರಮ್ಮ. ಬೆಳಕು ಕಾಣಬೇಕು ಅದಕ್ಕೆ. ಮೇಲಿಟ್ಟು ಒತ್ತಿಬಿಟ್ರೆ ಸಾಕು. ಆಮೇಲೆ ನೀರು. ತಟ್ಟೆ ಎತ್ತಿ ನೋಡಬೇಕು. ಭಾರ ಇದ್ರೆ ಬೇಡ, ಹಗುರ ಆದ್ರೆ ಕೊಡಬೇಕು. ಅಷ್ಟೇಯ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಬಿಟ್ರಲ್ವಾ ನೀವು ಹೇಳಕ್ಕೆ? 'ಮಲಗಿ' ಅಂದ್ರಿ. ಮಲಗಿದ್ದೀನಿ."

ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಆದರೆ ಚುಚ್ಚಿತು. ಎಷ್ಟು ಭಾರವಾದರೆ ಸಾಕು, ಎಷ್ಟು ಹಗುರವಾದರೆ ಕೊಡಬೇಕು ಎಂದು ಕೇಳಿದೆ. ಅಳತೆ ಹೇಳಿದರೆ ತೂಕದ ಯಂತ್ರದಲ್ಲಿಟ್ಟು ನೋಡಬಹುದೆಂಬ ಯೋಚನೆ ನನ್ನದು. ಅವರು ಎರಡೂ ಕೈಯನ್ನು ಎದೆಯ ಮೇಲೆ ಅಂಗೈ ಮೇಲಾಗಿ ಹಿಡಿದು, ಇಲ್ಲದ ತಟ್ಟೆಯೊಂದನ್ನು ತೂಗಿ ತೋರಿಸಿದರು. "ಇಷ್ಟು," ಎಂದರು.

ಆ ಖಾಲಿ ಕೈಗಳನ್ನು ನೋಡುತ್ತ ಕೂತೆ. ಹದಿನಾರು ಬೀಜ ಉಳಿದಿದ್ದವು. ಇನ್ನೊಮ್ಮೆ ನನ್ನ ಕೈಯಲ್ಲಿ ಹಾಳಾದರೆ ಆ ಸ್ಟೇಷನ್ನಿನ ಸಾಲು ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ. ಬಲ್ಲ ಕೈ ಎದುರಿಗೇ ಇತ್ತು, ಮಂಚಕ್ಕೆ ಕಟ್ಟುಬಿದ್ದಿತ್ತು. ಆ ಕೈ ವರಾಂಡಕ್ಕೆ ಬರುವಂತಿರಲಿಲ್ಲ. ಹಾಗಾದರೆ ಮಣ್ಣೇ ವಾರ್ಡಿನೊಳಗೆ ಬರಬೇಕು.

ಎರಡು ದಿನ ಯೋಚಿಸಿದೆ. ಅವರ ಕಾಲಿನಲ್ಲಿ ಕಡ್ಡಿ ತೂರಿದ ಜಾಗ ತೆರೆದ ಗಾಯ. ಅಲ್ಲಿ ಸೋಂಕು ಹತ್ತಿದರೆ ಮೂಳೆಗೆ ಇಳಿಯುತ್ತದೆ, ಕಾಲೇ ಹೋಗಬಹುದು. ಇದನ್ನು ಅವರಿಗೆ ಬಿಡಿಸಿ ಹೇಳಿದೆ. "ಬೀಜ ಹೋದ್ರೆ ಮತ್ತೆ ಬರಲ್ಲ," ಎಂದರು. ಕಾಲು ಹೋದರೂ ಬರುವುದಿಲ್ಲ ಎಂದೆ. "ಅದಕ್ಕೆ ನೀವಿದ್ದೀರಲ್ಲ," ಎಂದರು.

ಮೂರನೇ ದಿನ ಡ್ಯೂಟಿಗೆ ಬಂದವಳೇ ನಿಯಮಗಳನ್ನು ಬರೆದೆ. ನಿಯಮ ಮುರಿಯುವುದಕ್ಕೂ ನನಗೆ ನಿಯಮ ಬೇಕಿತ್ತು. ಗಾಯದ ಡ್ರೆಸಿಂಗ್ ಬೆಳಗ್ಗೆ ಮೊದಲು ಆಗಬೇಕು, ಅದರ ಮೇಲೆ ಇನ್ನೊಂದು ಪದರ ಬಟ್ಟೆ ಬಿಗಿಯಬೇಕು. ಸೊಂಟದವರೆಗೆ ರಬ್ಬರ್ ಹಾಳೆ ಹಾಸಬೇಕು. ಆವಿ ಕೊಟ್ಟ ಮಣ್ಣು ಮಾತ್ರ. ದಿನಕ್ಕೆ ಒಂದೇ ಸಲ, ಹತ್ತು ನಿಮಿಷ, ಪರದೆ ಎಳೆದು. ಆಮೇಲೆ ಮೊಣಕೈವರೆಗೆ ಸೋಪು. ಟ್ರೇಯನ್ನು ಒಯ್ಯುವುದು, ತರುವುದು ನಾನೊಬ್ಬಳೇ.

ತೋಟಗಾರ ಈ ಬಾರಿ ಕೇಳದೆಯೇ ಅಗಲವಾದ ಮಣ್ಣಿನ ತಟ್ಟೆಯೊಂದನ್ನು ತಂದುಕೊಟ್ಟ. ಎನಾಮಲ್ಲಿಗೆ ಉಸಿರಾಟವಿಲ್ಲ, ಇದಕ್ಕಿದೆ ಎಂದ. ಬೋರಿನ ನೀರಿನಲ್ಲಿ ಉಪ್ಪಿದೆ, ಎಳೆಯ ಸಸಿಗೆ ಆಗದು ಎಂದು ಆಯಾ ತಾರಸಿಯ ಮಳೆನೀರನ್ನು ಎರಡು ಬಕೆಟ್ ಹಿಡಿದಿಟ್ಟಳು. ಇಬ್ಬರಿಗೂ ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತು. ನಾನು ಅವರನ್ನೂ ಕೇಳಿರಲಿಲ್ಲ.

ಡಿಸೆಂಬರ್ ಮೊದಲ ವಾರ. ಪರದೆ ಎಳೆದು, ತಟ್ಟೆಯನ್ನು ಅವರ ಹೊಟ್ಟೆಯ ಮೇಲಿನ ರಬ್ಬರ್ ಹಾಳೆಯ ಮೇಲೆ ಇಟ್ಟೆ. ಅವರು ಮೊದಲು ಅಂಗೈಯನ್ನು ಮಣ್ಣಿನ ಮೇಲೆ ಊರಿದರು. ಏಳು ವಾರದಿಂದ ಬಿಳಿ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟದ ಕೈ. ಕೈ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಎರಡು ನಿಮಿಷ ಹೋಯಿತು. ನಾನು ನೆನಪು ಮಾಡಲಿಲ್ಲ.

ಆಮೇಲೆ ಬೆರಳ ತುದಿಗೆ ಒಂದು ಬೀಜ ಅಂಟಿಸಿಕೊಂಡು, ಒದ್ದೆ ಮಣ್ಣಿನ ಮೇಲಿಟ್ಟು, ಮಗುವಿನ ಹಣೆಗೆ ಬೊಟ್ಟಿಡುವ ಹಾಗೆ ಒತ್ತಿದರು. ಹದಿನಾರು ಬೊಟ್ಟು. ಸ್ವಲ್ಪ ಹೊತ್ತಿನಲ್ಲಿ ಬೀಜಗಳ ಸುತ್ತ ಕಾಮಕಸ್ತೂರಿ ಬೀಜದಂತೆ ತೆಳ್ಳನೆಯ ಲೋಳೆ ಬಂತು. "ನೋಡಿ, ಅವೇ ಮಣ್ಣನ್ನ ಹಿಡ್ಕೊಂತಾವೆ. ನಾವು ಮುಚ್ಚೋದೇನು ಬೇಡ," ಎಂದರು.

ತಟ್ಟೆಯ ಮೇಲೆ ಗಾಜಿನ ಹಾಳೆ ಮುಚ್ಚಿ, ಬಿಸಿಲು ನೇರ ಬೀಳದ, ಬೆಳಕು ಇರುವ ಕಡೆ ಇಟ್ಟೆ. ಪ್ರತಿದಿನ ಬೆಳಗ್ಗೆ ಹತ್ತು ನಿಮಿಷ ಅದು ಹದಿನಾಲ್ಕನೇ ಹಾಸಿಗೆಗೆ ಬರುತ್ತಿತ್ತು. ಅವರು ಎತ್ತಿ ನೋಡಿ "ಬೇಡ" ಎನ್ನುತ್ತಿದ್ದರು, ಇಲ್ಲವೇ "ಬಾಯಾರಿದೆ" ಎನ್ನುತ್ತಿದ್ದರು. ಬಾಯಾರಿದ ದಿನ ತಟ್ಟೆಯನ್ನು ಮಳೆನೀರಿನ ಬೋಗುಣಿಯಲ್ಲಿಟ್ಟು ಕೆಳಗಿನಿಂದ ಕುಡಿಸುತ್ತಿದ್ದೆ. ಅವರು ಎತ್ತಿದ ಮೇಲೆ ನನ್ನ ಕೈಗೂ ಕೊಡುತ್ತಿದ್ದರು. "ಹೇಳಿ, ಏನು?" ಎನ್ನುವರು. ಮೊದಲ ವಾರ ನಾನು ಹೇಳಿದ್ದೆಲ್ಲ ತಪ್ಪು.

ಒಂದು ಬೆಳಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಮುಂಚಿತವಾಗಿ ಬಂದು ಪರದೆ ಸರಿಸಿಬಿಟ್ಟರು. ಹಾಸಿಗೆಯ ಮೇಲೆ ಮಣ್ಣು.

"ಏನಿದು ಸಿಸ್ಟರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮಣ್ಣು, ಸರ್."

"ಅದು ಕಾಣ್ತಿದೆ. ನನ್ನ ರೋಗಿಗೆ ಕುಂಡ ಬೇಡ ಅಂತ ನನ್ನ ಅತ್ತೆಯವರನ್ನೇ ನೀವು ಮೆಟ್ಟಿಲಿಂದ ವಾಪಸು ಕಳಿಸಿದ್ರಿ."

"ಹೌದು, ಸರ್. ಅವರ ಮಣ್ಣಿಗೆ ಆವಿ ಕೊಟ್ಟಿರಲಿಲ್ಲ."

ಅವರು ನಗಲಿಲ್ಲ. ಗಾಯದ ಬಟ್ಟೆ ಬಿಚ್ಚಿಸಿ, ಕಡ್ಡಿಯ ಎರಡೂ ಬದಿ ಬಗ್ಗಿ ನೋಡಿದರು. ಒಣಗಿತ್ತು, ಸ್ವಚ್ಛವಾಗಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಕೇಳಿದರು. ನಾನು ಎಂದೆ. ಬರೆದುಕೊಡಿ ಎಂದರು. ಬರೆದುಕೊಟ್ಟೆ. ಅವರು ಕಾಗದವನ್ನು ಜೇಬಿಗೆ ಹಾಕಿಕೊಂಡು ಮುಂದಿನ ಹಾಸಿಗೆಗೆ ಹೋದರು. ಆ ದಿನದಿಂದ ಕಡ್ಡಿಯ ಗಾಯವನ್ನು ನಾನು ದಿನಕ್ಕೆ ಮೂರು ಸಲ ನೋಡುತ್ತಿದ್ದೆ. ಅಲ್ಲಿ ಮಾತ್ರ ಗಡಿಯಾರ ಬಿಡಲಿಲ್ಲ.

ಹದಿನಾರರಲ್ಲಿ ಒಂಬತ್ತು ಮೊಳೆತವು. ಹಳೆಯ ಬೀಜಕ್ಕೆ ಅದು ಬಹಳವೇ ಆಯಿತು ಎಂದರು ಹದಿನಾಲ್ಕನೇ ಹಾಸಿಗೆಯವರು. ಎರಡು ಸಣಕಲಾಗಿ ಹೋದವು, ಏಳು ಉಳಿದವು. ನಾಲ್ಕು ಎಲೆ ಬಂದಾಗ ನಾಲಿಗೆ ಒತ್ತುವ ಮರದ ಪಟ್ಟಿಯಿಂದ ಒಂದೊಂದನ್ನೂ ಬೇರಿನ ಮಣ್ಣಿನ ಸಮೇತ ಮೀಟಿ ಸಣ್ಣ ಕುಂಡಗಳಿಗೆ ಕೂರಿಸಿದರು. ಕಾಂಡ ಹಿಡಿಯಬೇಡಿ, ಎಲೆ ಹಿಡಿಯಿರಿ ಎಂದು ನನಗೆ ಹೇಳಿಕೊಟ್ಟರು. ಎಲೆ ಹೋದರೆ ಇನ್ನೊಂದು ಬರುತ್ತದೆ, ಕಾಂಡ ಒಂದೇ.

ಜನವರಿಯಲ್ಲಿ ಟ್ರಾಕ್ಷನ್ ಬಿಚ್ಚಿದರು. ಕಡ್ಡಿ ತೆಗೆದ ಗಾಯ ಐದೇ ದಿನದಲ್ಲಿ ಕೂಡಿತು. ಊರುಗೋಲಿನಲ್ಲಿ ನಡೆಯಲು ಕಲಿಯಬೇಕು, ಫೆಬ್ರವರಿ ಮೊದಲ ವಾರ ಬಿಡುಗಡೆ ಎಂದಾಯಿತು. ತಿಪಟೂರಿನಲ್ಲಿದ್ದ ತಂಗಿಯ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಕುಂಡಗಳನ್ನು ಈಗ ಮುಂದಿನ ವರಾಂಡದ ತುದಿಯಲ್ಲಿ ಇಟ್ಟಿದ್ದೆವು. ಹಾಸಿಗೆಯಿಂದ ಅಲ್ಲಿಗೆ ನಲವತ್ತು ಹೆಜ್ಜೆ. ಬೇರೆ ರೋಗಿಗಳನ್ನು ನಡೆಸಲು ಎಷ್ಟು ಗದರಬೇಕಾಗುತ್ತಿತ್ತೋ! ಇವರನ್ನು ಸಾಕು ಕೂತುಕೊಳ್ಳಿ ಎಂದು ಗದರಬೇಕಾಯಿತು.

ಗಿಡಗಳು ಗೇಣುದ್ದ ಬಂದಾಗ ಅವರು ಒಂದು ಸಂಜೆ ಕುರ್ಚಿಯಲ್ಲಿ ಕೂತು, ಕುಂಡವನ್ನು ಹತ್ತಿರಕ್ಕೆ ಎಳೆದುಕೊಂಡು, ತುದಿಯ ಮೇಲೆ ಉಗುರಿಟ್ಟರು.

"ಏನು ಮಾಡ್ತೀರಿ?"

"ಕುಡಿ ಚಿವುಟಬೇಕು. ಆಗ ಕವಲು ಒಡೀತದೆ. ಕವಲಿಗೊಂದು ತೆನೆ."

"ಚಿವುಟಿದರೆ ಹೂವು ತಡವಾಗುವುದಿಲ್ಲವೇ?"

"ಆಗುತ್ತೆ. ಒಂದು ಎರಡು ಮೂರು ವಾರ."

ಬಿಡುಗಡೆಗೆ ಎರಡು ವಾರವೂ ಇರಲಿಲ್ಲ. ಬಿಟ್ಟರೆ ಒಂದೊಂದೇ ತೆನೆಯಾದರೂ ಆ ಹೊತ್ತಿಗೆ ಕೆಂಪಾಗುತ್ತಿತ್ತು, ಅವರು ನೋಡಿಕೊಂಡು ಹೋಗಬಹುದಿತ್ತು. ಚಿವುಟಬೇಡಿ ಎಂದೆ. ಅವರು ನನ್ನ ಮುಖ ನೋಡಿದರು.

"ನೋಡಕ್ಕೆ ಅಂತ ಹಾಕಿದ್ದಲ್ಲ ಸಿಸ್ಟರಮ್ಮ, ಬೀಜಕ್ಕೆ. ಏಳು ಗಿಡದಲ್ಲಿ ಏಳು ತೆನೆ ಬಂದ್ರೆ ಎಷ್ಟು ಬೀಜ ಆದೀತು? ಒಂದು ಗಾಳಿಗೆ ಉದುರಿಹೋಗ್ತವೆ."

"ಇನ್ನೊಂದು ವಾರ ನಡಿಗೆಯ ಅಭ್ಯಾಸ ಬೇಕು ಎಂದು ಬರೆಯುತ್ತೇನೆ. ಇರಿ."

ಮೂವತ್ತೆಂಟು ವರ್ಷದಲ್ಲಿ ಇಂಥ ಮಾತು ನನ್ನ ಬಾಯಿಂದ ಬಂದದ್ದು ಅದೊಂದೇ ಸಲ.

"ಬೇಡ. ಮಂಚಕ್ಕೆ ಯಾರೋ ಕಾಯ್ತಾ ಇರ್ತಾರೆ," ಎಂದರು. "ಗಾಡಿ ಹೊರಡೋ ಹೊತ್ತಿಗೆ ಹಸಿರು ಬಾವುಟ ತೋರಿಸ್ಬೇಕು. ಇನ್ನೂ ಒಂಚೂರು ನಿಲ್ಲಲಿ ಅಂತ ಯಾರಿಗೆ ಆಸೆ ಇರಲ್ಲ?"

ಚಿಟ್, ಚಿಟ್ ಎಂದು ಆರು ಕುಡಿ ಚಿವುಟಿದರು. ಏಳನೆಯದರ ಮೇಲೆ ಉಗುರಿಟ್ಟು, ನನ್ನನ್ನು ನೋಡಿ, ಕೈ ತೆಗೆದರು. "ಇದೊಂದು ನಿಮ್ಮ ಮಾತಿಗೆ," ಎಂದರು.

ಹೊರಟ ದಿನ ಅವರ ತಮ್ಮ ಆಟೋ ತರಲು ಹೋಗಿದ್ದರು. ಇವರು ಊರುಗೋಲೂರಿಕೊಂಡು ನಲವತ್ತು ಹೆಜ್ಜೆ ನಡೆದು ಬಂದರು, ಪಕ್ಕದಲ್ಲಿ ನಾನು. ಚಿವುಟದ ಗಿಡದಲ್ಲಿ ತೆನೆ ಎದ್ದಿತ್ತು. ಹೂವು ಅರಳಿರಲಿಲ್ಲ. ಸಾಲ್ವಿಯಾದಲ್ಲಿ ಹೂವಿಗಿಂತ ಮೊದಲು ಹೂವಿನ ಬುಡದ ಬಟ್ಟಲು ಕೆಂಪಾಗುತ್ತದೆ. ತೆನೆಯ ಕೆಳಗಿನ ಎರಡು ಬಟ್ಟಲುಗಳ ಅಂಚಿನಲ್ಲಿ ಆ ಕೆಂಪು ಹತ್ತಿತ್ತು, ದಾರದಷ್ಟು. ಅವರು ಕನ್ನಡಕ ಏರಿಸಿ ನೋಡಿದರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಂಬಕ್ಕೆ ಒರಗಿ ನಿಂತು, ಕುಂಡವನ್ನು ಎರಡೂ ಕೈಯಲ್ಲಿ ಎತ್ತಿದರು. ನನ್ನ ಕೈಗೆ ಕೊಟ್ಟರು.

"ಹೇಳಿ, ಏನು?"

"ಬಾಯಾರಿದೆ," ಎಂದೆ.

"ಹ್ಞೂಂ. ಕಲಿತ್ರಿ," ಎಂದರು. ಆಟೋ ಬಂತು.

ಹೂವು ಬಂದದ್ದು ಆಮೇಲೆ. ಫೆಬ್ರವರಿ ಕಳೆದು ಮಾರ್ಚಿನಲ್ಲಿ ಏಳೂ ಗಿಡಗಳು ನನ್ನ ಸೊಂಟದ ಎತ್ತರಕ್ಕೆ ಕೆಂಪಾಗಿ ನಿಂತವು. ಸಂಜೆ ಹೊತ್ತಿನಲ್ಲಿ ರೋಗಿಗಳನ್ನು ನೋಡಲು ಬಂದವರು ಅಲ್ಲಿ ನಿಂತು ಹೋಗುತ್ತಿದ್ದರು. ಇದು ಊಟಿಯಿಂದ ತರಿಸಿದ್ದು ಎಂದು ತೋಟಗಾರ ಅವರಿಗೆ ಹೇಳುತ್ತಿದ್ದ. ಬೀಜ ಬಲಿತರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಬಟ್ಟಲಿನಿಂದ ಉದುರಿಹೋಗುತ್ತದೆ. ಅದಕ್ಕೆ ತೆನೆಗಳಿಗೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಚೀಲ ಹೊಲಿದು ಕಟ್ಟಿದೆ. ಬಿಸಿಲು ಏರಿ ಗಿಡ ಒಣಗುವ ಹೊತ್ತಿಗೆ ಅರ್ಧ ಬಟ್ಟಲು ಬೀಜವಾಯಿತು. ಮಾತ್ರೆ ಕೊಡುವ ಸಣ್ಣ ಕವರಿನಲ್ಲಿ ಅರ್ಧ ಹಾಕಿ, ಮೇಲೆ ಅಭ್ಯಾಸದಂತೆ "ಹಾಸಿಗೆ 14" ಎಂದು ಬರೆದು, ತಿಪಟೂರಿಗೆ ಅಂಚೆಯಲ್ಲಿ ಕಳಿಸಿದೆ. ಮುಂದಿನ ಚಳಿಗಾಲದಲ್ಲಿ ಒಂದು ಕಾರ್ಡು ಬಂತು. "ಎತ್ತರ ಅದೇ. ಕೆಂಪೂ ಅದೇ. ಬೇಲಿ ಪಕ್ಕ ಸಾಲಾಗಿ ಹಾಕಿದ್ದೇನೆ. ಗಾಡಿ ಮಾತ್ರ ಬರುವುದಿಲ್ಲ."

ನಾನು ನಿವೃತ್ತಳಾದೆ. ಬಾಲ್ಕನಿಯಲ್ಲಿ ಪ್ರತಿ ನವೆಂಬರಿನಲ್ಲೂ ಸಾಲ್ವಿಯಾ ಹಾಕಿದೆ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ನಾನೂ ಒಂದು ಬರೆಯುತ್ತಿದ್ದೆ. ಭೇಟಿಯಾಗಲಿಲ್ಲ. ಬನ್ನಿ ಎಂದು ಅವರು ಬರೆದಿದ್ದರು, ಬರುತ್ತೇನೆ ಎಂದು ನಾನು ಬರೆದಿದ್ದೆ. ತಿಪಟೂರು ದೂರವೇನಲ್ಲ, ರಾತ್ರಿ ಹತ್ತಿದರೆ ಬೆಳಗ್ಗೆ ಇಳಿಯಬಹುದು.

ಎರಡು ಸಾವಿರದ ಮೂರು, ನಾಲ್ಕರ ಹೊತ್ತು. ಮಳೆ ಕೈಕೊಟ್ಟು ಈ ಊರಿಗೆ ನೀರಿನ ಬರ ಬಂತು. ಲಾರಿಯ ನೀರಿಗೆ ಕೊಡ ಹಿಡಿದು ನಿಲ್ಲುವ ಕಾಲ, ಕುಡಿಯುವ ನೀರನ್ನು ಗಿಡಕ್ಕೆ ಹಾಕಲು ಮನಸ್ಸು ಬರಲಿಲ್ಲ. ಬೋರಿನ ನೀರು ಹಾಕಿದೆ. ಎಲೆಯ ಅಂಚು ಸುಟ್ಟು, ಮೊಗ್ಗಿನಲ್ಲಿಯೇ ಎಲ್ಲ ಗಿಡ ಒಣಗಿದವು. ಬೀಜವೆಂದು ಎತ್ತಿಟ್ಟದ್ದನ್ನೆಲ್ಲ ಅದೇ ವರ್ಷ ಹಾಕಿಬಿಟ್ಟಿದ್ದೆ. ಒಂದು ಕಾಳೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಕಾರ್ಡು ಬರೆಯಲಿಲ್ಲ. ಕೊನೆಗೊಂದು ದಿನ ಸ್ಟೂಲ್ ಎಳೆದುಕೊಂಡು ಕೂತು, ಹೀಗಾಯಿತು ಎಂದು ಬರೆದೆ.

ಹದಿನೈದು ದಿನಕ್ಕೆ ಒಂದು ಲಕೋಟೆ ಬಂತು. ವಿಳಾಸದ ಅಕ್ಷರ ಅವರದಲ್ಲ, ಯಾರೋ ಎಳೆಯರದು. ಒಳಗೆ ನಾನು ಕಳಿಸಿದ್ದ ಅದೇ ಮಾತ್ರೆಯ ಕವರು, ಅಂಚು ಸವೆದು ಮೆತ್ತಗಾಗಿತ್ತು. ಮೇಲೆ ನನ್ನ ಕೈಬರಹ, "ಹಾಸಿಗೆ 14". ಒಳಗೆ ಬೀಜ. ಜೊತೆಗೆ ಒಂದು ಚೀಟಿ. ಅದರ ಅಕ್ಷರ ಅವರದು, ತುಂಬ ನಡುಗಿತ್ತು, ಎರಡೇ ಪದ.

"ಮಣ್ಣು ಮುಚ್ಚಬೇಡಿ."

ಆಮೇಲೆ ಕಾರ್ಡು ಬರಲಿಲ್ಲ. ನಾನು ಎರಡು ಬರೆದೆ, ಉತ್ತರವಿಲ್ಲ. ಮೂರನೆಯದನ್ನು ಬರೆಯಲಿಲ್ಲ. ಏನೆಂದು ಉತ್ತರ ಬರಬಹುದೆಂದು ಗೊತ್ತಿತ್ತು, ಅದನ್ನು ನನಗೆ ಕೂತು ಹೇಳುವವರು ಯಾರೂ ಇರಲಿಲ್ಲ.

ಈ ನವೆಂಬರಿನಲ್ಲೂ ಹಾಕಿದ್ದೇನೆ. ಬೆಳಗ್ಗೆ ಎದ್ದವಳು ಮೊದಲು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತುತ್ತೇನೆ. ಈಗ ನನ್ನ ಕೈ ತಪ್ಪುವುದಿಲ್ಲ. ಆದರೂ ಎತ್ತಿದ ಮೇಲೆ ಕೂಡಲೇ ಕೆಳಗಿಡುವುದಿಲ್ಲ. ಪಕ್ಕಕ್ಕೆ ಸ್ವಲ್ಪ ಚಾಚಿ ಹಿಡಿದು, "ಹೇಳಿ, ಏನು?" ಎನ್ನುತ್ತೇನೆ. ಒಂದು ಗಳಿಗೆ ಕಾಯುತ್ತೇನೆ. ಆಮೇಲೆ, ಬಾಯಾರಿದ್ದರೆ, ನೀರು ಕೊಡುತ್ತೇನೆ.